ಘಾಟಿ ಹತ್ತುವ ಪಿಕಪ್‌ಗೆ ಟಾರ್ಕ್ ನೋಡಬೇಕಾ, ಎಚ್‌ಪಿ ನೋಡಬೇಕಾ?

ಪ್ರಶ್ನೆ: ಸಾರ್, ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಶುಂಠಿ, ಬಾಳೆಯೂ ಇದೆ. ವಾರಕ್ಕೆ ಎರಡು ಸಲ ಮಂಗಳೂರಿಗೆ ಮಾಲು ಇಳಿಸುತ್ತೇವೆ. ಬರುವಾಗ 28 ಮೂಟೆ ಗೊಬ್ಬರ ಹೇರಿಕೊಂಡು ಶಿರಾಡಿ ಹತ್ತಬೇಕು. ಹೊಸ ಪಿಕಪ್ ತಗೊಳ್ಳೋಣ ಅಂತ ಎರಡು ಗಾಡಿಯ ಅಂಕಿ ಬರೆದಿಟ್ಟುಕೊಂಡಿದ್ದೇನೆ. ಬೊಲೆರೊ ಪಿಕಪ್: 3200 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 75 ಎಚ್‌ಪಿ, 1400ರಿಂದ 2200ರವರೆಗೆ 200 ಎನ್‌ಎಂ ಟಾರ್ಕ್. ಟಾಟಾ ಯೋಧ: 3750ಕ್ಕೆ 100 ಎಚ್‌ಪಿ, 1000ದಿಂದ 2500ರವರೆಗೆ 250 ಎನ್‌ಎಂ. ನಮ್ಮ ಡ್ರೈವರ್ "ಘಾಟಿಗೆ ಎಚ್‌ಪಿ ಯಾಕೆ, ಟಾರ್ಕ್ ಇದ್ರೆ ಸಾಕು" ಅನ್ನುತ್ತಾನೆ. ಷೋರೂಮಿನವರು ಎಚ್‌ಪಿ ನೋಡಿ ಅನ್ನುತ್ತಾರೆ. ಒಂದು ಅಮೆರಿಕದ ವಿಡಿಯೊದಲ್ಲಿ ಗ್ರಾಫಿನ ಟಾರ್ಕ್ ಗೆರೆ, ಎಚ್‌ಪಿ ಗೆರೆ ಎರಡೂ 5252 ಆರ್‌ಪಿಎಂನಲ್ಲಿ ಕೂಡಲೇಬೇಕು, ಇಲ್ಲದಿದ್ದರೆ ಗ್ರಾಫ್ ಸುಳ್ಳು ಅಂದರು. ನಾನು ನೋಡಿದ ಗ್ರಾಫಿನಲ್ಲಿ ಕೂಡಿಲ್ಲ. ನಮ್ಮ ಭಾವನದು ಇನ್ನೊಂದು: ಕಡಿಮೆ ಎಚ್‌ಪಿ ಗಾಡಿ ತಗೊಂಡು ಟ್ಯೂನಿಂಗ್ ಬಾಕ್ಸ್ ಹಾಕಿಸು, ಎರಡೂ ಸಿಗುತ್ತೆ ಅಂತ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಡ್ರೈವರ್ ಹೇಳಿದ್ದು ಅರ್ಧ ಸರಿ. ಷೋರೂಮಿನವರದ್ದು ಇನ್ನರ್ಧ. ವಿಡಿಯೊದವರು ಹೇಳಿದ್ದು ಅವರ ಊರಿನ ಅಳತೆಗೆ ಸರಿ, ನಿಮ್ಮ ಗ್ರಾಫಿಗೆ ಅಲ್ಲ. ಭಾವನ ಮಾತಿಗೆ ಆಮೇಲೆ ಬರುತ್ತೇನೆ, ಅದಕ್ಕೆ ಸ್ವಲ್ಪ ಜಾಗ ಬೇಕು.

ಮೊದಲು ಈ 200 ಎನ್‌ಎಂ ಅಂದರೆ ಎಷ್ಟು ಅಂತ ಕೈಗೆ ಸಿಗುವ ಹಾಗೆ ನೋಡೋಣ. ಪಂಕ್ಚರ್ ಆದಾಗ ವೀಲ್ ನಟ್ ಬಿಡುವುದಿಲ್ಲ. ಆಗ ಏನು ಮಾಡುತ್ತೀರಿ? ಅರ್ಧ ಮೀಟರ್ ಉದ್ದದ ಸ್ಪ್ಯಾನರ್ ಸಿಕ್ಕಿಸಿ ಅದರ ತುದಿಯ ಮೇಲೆ ಹತ್ತಿ ನಿಲ್ಲುತ್ತೀರಿ. ನಿಮ್ಮ ತೂಕ 70 ಕೆಜಿ ಇದ್ದರೆ ಆ ನಟ್ ಮೇಲೆ ಬೀಳುವ ಟಾರ್ಕ್ ಸುಮಾರು 340 ಎನ್‌ಎಂ. ಅಂದರೆ ಬೊಲೆರೊ ಪಿಕಪ್ಪಿನ ಎಂಜಿನ್‌ಗಿಂತ ಜಾಸ್ತಿ. ಹಾಗಂತ ನಿಮ್ಮನ್ನು ಗಾಡಿಗೆ ಕಟ್ಟಿದರೆ ಶಿರಾಡಿ ಹತ್ತುತ್ತದಾ? ಇಲ್ಲ. ನೀವು ಆ ಬಲವನ್ನು ಕಾಲು ಸುತ್ತು ಕೊಟ್ಟು ಇಳಿಯುತ್ತೀರಿ. ಎಂಜಿನ್ ಅದನ್ನು ನಿಮಿಷಕ್ಕೆ 2000 ಸಲ, ಗಂಟೆಗಟ್ಟಲೆ ಕೊಡುತ್ತದೆ.

ವ್ಯತ್ಯಾಸ ಇಷ್ಟೇ. ತಿರುಗಿಸುವ ಬಲ ಟಾರ್ಕ್. ಆ ಬಲವನ್ನು ಎಷ್ಟು ಬೇಗ ಬೇಗ ಕೊಡುತ್ತೀರಿ ಅನ್ನುವುದು ಎಚ್‌ಪಿ. ಎಚ್‌ಪಿಗೂ ನಿಮ್ಮ ಗೊಬ್ಬರದ ಮೂಟೆಯಲ್ಲೇ ಅಳತೆ ಇದೆ. 50 ಕೆಜಿ ಮೂಟೆಯನ್ನು ಒಂದೇ ಸೆಕೆಂಡಿನಲ್ಲಿ ಒಂದೂವರೆ ಮೀಟರ್, ಹೆಚ್ಚುಕಡಿಮೆ ಭುಜದ ಎತ್ತರಕ್ಕೆ, ಎತ್ತಿದರೆ ಒಂದು ಎಚ್‌ಪಿ. ಹಮಾಲಿಯವನು ಒಂದು ಮೂಟೆ ಹಾಗೆ ಎತ್ತಿಯಾನು. ಮುಂದಿನ ಸೆಕೆಂಡಿಗೆ ಎರಡನೆಯದು, ಅದರ ಮುಂದಿನ ಸೆಕೆಂಡಿಗೆ ಮೂರನೆಯದು ಅಂದರೆ ಕೈ ಮುಗಿಯುತ್ತಾನೆ.

ಹೀಗಾಗಿ ಟಾರ್ಕ್ ಗೆರೆ, ಎಚ್‌ಪಿ ಗೆರೆ ಅಂತ ಎರಡು ಬೇರೆ ಬೇರೆ ಗೆರೆ ಇಲ್ಲವೇ ಇಲ್ಲ. ಒಂದು ಗೊತ್ತಿದ್ದರೆ ಇನ್ನೊಂದು ಲೆಕ್ಕ ಹಾಕಿಕೊಳ್ಳಬಹುದು. ಎನ್‌ಎಂ ಅನ್ನು ಆರ್‌ಪಿಎಂನಿಂದ ಗುಣಿಸಿ, 7023ರಿಂದ ಭಾಗಿಸಿ. ಬರುವುದು ಎಚ್‌ಪಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

5252ರ ಕಥೆಯೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ಅಮೆರಿಕದವರು ಟಾರ್ಕನ್ನು ಪೌಂಡ್-ಫುಟ್‌ನಲ್ಲಿ ಅಳೆಯುತ್ತಾರೆ. ಅವರ ಲೆಕ್ಕದಲ್ಲಿ 7023ರ ಜಾಗದಲ್ಲಿ 5252 ಬರುತ್ತದೆ. ಆರ್‌ಪಿಎಂ 5252 ಆದಾಗ ಎರಡೂ ಅಂಕಿ ಒಂದೇ ಆಗಿಬಿಡುತ್ತವೆ, ಅಷ್ಟೇ. ನಮ್ಮ ಎನ್‌ಎಂ ಅಳತೆಯಲ್ಲಿ ಅವು ಕೂಡಬೇಕಾದರೆ ಎಂಜಿನ್ 7023 ಆರ್‌ಪಿಎಂ ತಿರುಗಬೇಕು. ಡೀಸೆಲ್ ಪಿಕಪ್ 4500ರ ಆಸುಪಾಸಿನಲ್ಲೇ ಸಾಕಪ್ಪಾ ಅನ್ನುತ್ತದೆ. ಅಮೆರಿಕದ ದೊಡ್ಡ ಡೀಸೆಲ್‌ಗಳೂ 5252ಕ್ಕೆ ಹೋಗುವುದಿಲ್ಲ. 2019ರಲ್ಲಿ ರ‍್ಯಾಮ್ ಪಿಕಪ್‌ಗೆ ಬಂದ ಕಮಿನ್ಸ್ 6.7 ಲೀಟರ್ ಎಂಜಿನ್ 1800 ಆರ್‌ಪಿಎಂಗೆ 1000 ಪೌಂಡ್-ಫುಟ್ ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 1355 ಎನ್‌ಎಂ. ಅದರ 400 ಎಚ್‌ಪಿ ಬರುವುದು 2800ಕ್ಕೆ. ಅಲ್ಲೂ ಗೆರೆ ಕೂಡುವ ಮೊದಲೇ ಗ್ರಾಫ್ ಮುಗಿಯುತ್ತದೆ. ನಿಮ್ಮ ಗ್ರಾಫಿನಲ್ಲಿ ಮೋಸ ಹುಡುಕುವುದಾದರೆ ಬೇರೆ ಕಡೆ ಹುಡುಕಿ. ಎಡಗಡೆಯ ಅಂಕಿ ಸೊನ್ನೆಯಿಂದ ಶುರುವಾಗಿದೆಯಾ ನೋಡಿ. 150ರಿಂದ ಶುರು ಮಾಡಿದರೆ ಸಣ್ಣ ದಿಬ್ಬವೂ ಮುಳ್ಳಯ್ಯನಗಿರಿಯ ಹಾಗೆ ಕಾಣುತ್ತದೆ.

ಈಗ ನಿಮ್ಮ ಎರಡು ಗಾಡಿಗೆ ಬರೋಣ.

ಬೊಲೆರೊ 1400 ಆರ್‌ಪಿಎಂನಲ್ಲಿ 200 ಎನ್‌ಎಂ ಕೊಡುವಾಗ ಅದರ ಎಚ್‌ಪಿ ಬರೀ 40. ಅದೇ 200 ಎನ್‌ಎಂ, 2200ಕ್ಕೆ ಹೋದಾಗ ಸುಮಾರು 62. ಟಾರ್ಕ್ ಒಂದು ಚೂರೂ ಏರಿಲ್ಲ, ಆದರೆ ಕೆಲಸ ಒಂದೂವರೆ ಪಟ್ಟು ಆಯಿತು. ಆಮೇಲೆ ಟಾರ್ಕ್ ಇಳಿಯಲು ಶುರು. 3200ಕ್ಕೆ ಹೋಗುವಷ್ಟರಲ್ಲಿ ಸುಮಾರು 165 ಎನ್‌ಎಂ ಉಳಿದಿರುತ್ತದೆ, ಆದರೂ ಎಚ್‌ಪಿ 75ಕ್ಕೆ ಏರಿರುತ್ತದೆ. "ಟಾರ್ಕ್ ಇದ್ರೆ ಸಾಕು" ಅನ್ನುವ ಮಾತು ಎಡವುವುದು ಇಲ್ಲೇ.

ಯೋಧದ 250 ಎನ್‌ಎಂ 2500ರಲ್ಲಿ ಸುಮಾರು 89 ಎಚ್‌ಪಿ. 3750ಕ್ಕೆ ಟಾರ್ಕ್ 187ರ ಹತ್ತಿರ ಇಳಿದಿದ್ದರೂ 100 ಎಚ್‌ಪಿ. ಆದರೆ ನಿಮಗೆ ಬೇಕಾದ ಹೋಲಿಕೆ ಈ ತುತ್ತತುದಿಯ ಅಂಕಿಗಳಲ್ಲಿ ಇಲ್ಲ. ಅದನ್ನು ಹೀಗೆ ಕೇಳಿ: ಬೊಲೆರೊ ತನ್ನ ಪೂರ್ತಿ 75 ಎಚ್‌ಪಿ ಕೊಡಲು 3200 ಆರ್‌ಪಿಎಂಗೆ ಏರಬೇಕು. ಯೋಧ ಆ 75 ಅನ್ನು ಎಲ್ಲಿ ಕೊಡುತ್ತದೆ? ಲೆಕ್ಕ ಹಾಕಿದರೆ ಸುಮಾರು 2100ರಲ್ಲಿ. ಒಂದು ಗಾಡಿ ಕೂಗಿಕೊಂಡು ಮಾಡುವ ಕೆಲಸವನ್ನು ಇನ್ನೊಂದು ಮಾತಾಡಿಕೊಂಡು ಮಾಡುತ್ತದೆ. ವಾರಕ್ಕೆ ಎರಡು ಸಲ, ವರ್ಷಕ್ಕೆ ನೂರು ಸಲ ಘಾಟಿ ಹತ್ತುವವರಿಗೆ ಇದು ಸಣ್ಣ ವಿಷಯ ಅಲ್ಲ.

ಇಲ್ಲೇ ಒಂದು ಹಳೇ ನಂಬಿಕೆಯನ್ನೂ ಬದಿಗಿಡೋಣ. ಸಿಸಿ ಜಾಸ್ತಿ ಇದ್ದರೆ ಎಳೆತ ಜಾಸ್ತಿ ಅನ್ನುವವರು ಇನ್ನೂ ಇದ್ದಾರೆ. ಬೊಲೆರೊ ಪಿಕಪ್ ಎಂಜಿನ್ 2523 ಸಿಸಿ, ಯೋಧದ್ದು 2179. ಚಿಕ್ಕದೇ ಜಾಸ್ತಿ ಎಳೆಯುತ್ತಿದೆ ಅಲ್ವಾ? ಟರ್ಬೊ ಎಷ್ಟು ಗಾಳಿ ತುಂಬುತ್ತದೆ, ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಅನ್ನುವುದೇ ಈಗ ನಡೆಯುವುದು.

ಹಾಗಾದರೆ ಆ ಟಾರ್ಕ್ ಗೆರೆಯ ಆಕಾರ ಯಾಕೆ ಹಾಗಿದೆ? ಮೊದಲು ಸರ್ರನೆ ಏರುತ್ತದೆ, ಆಮೇಲೆ ಮೇಜಿನ ಹಾಗೆ ಚಪ್ಪಟೆ, ಕೊನೆಗೆ ಇಳಿಜಾರು. ತೀರ ಕೆಳಗಿನ ಆರ್‌ಪಿಎಂನಲ್ಲಿ ಟರ್ಬೊ ತಿರುಗಿಸುವಷ್ಟು ಹೊಗೆಗಾಳಿ ಹೊರಗೆ ಬರುತ್ತಿರುವುದಿಲ್ಲ. ಗಾಳಿ ಕಡಿಮೆ ಇರುವಾಗ ಡೀಸೆಲ್ ಜಾಸ್ತಿ ಬಿಟ್ಟರೆ ಕಪ್ಪು ಹೊಗೆ. ಅದಕ್ಕೇ ಎಂಜಿನ್ನಿನ ಕಂಪ್ಯೂಟರ್ ಕೈ ಬಿಗಿ ಹಿಡಿಯುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಡೀಸೆಲ್ ಪೂರ್ತಿ ಉರಿಯಲು ಸಮಯ ಸಾಲದು, ಒಳಗಿನ ಉಜ್ಜಾಟವೂ ಜಾಸ್ತಿ. ಅದಕ್ಕೇ ಇಳಿಜಾರು. ನಡುವಿನ ಆ ಚಪ್ಪಟೆ ಜಾಗ ಇದೆಯಲ್ಲ, ಅದು ಎಂಜಿನ್ನಿನ ಸಹಜ ಆಕಾರ ಅಲ್ಲ. ಬಿಟ್ಟರೆ ಅಲ್ಲಿ ಒಂದು ಗುಡ್ಡ ಎದ್ದು ನಿಲ್ಲುತ್ತಿತ್ತು. ಕಂಪನಿಯವರು ಕಂಪ್ಯೂಟರ್‌ನಲ್ಲಿ ಅದರ ತಲೆ ಸವರಿ "ಇದಕ್ಕಿಂತ ಮೇಲೆ ಬೇಡ" ಅಂತ ಗೆರೆ ಹಾಕಿರುತ್ತಾರೆ. ಕ್ಲಚ್, ಗೇರ್‌ಬಾಕ್ಸ್, ಕ್ರೌನ್ ಪಿನಿಯನ್ ಎಲ್ಲ ಬಾಳಿಕೆ ಬರಬೇಕಲ್ಲ.

ನಂಬಿಕೆ ಬರದಿದ್ದರೆ ಟೊಯೋಟಾ ಹೈಲಕ್ಸ್ ನೋಡಿ. ಅದೇ 2.8 ಲೀಟರ್ ಎಂಜಿನ್, ಎರಡಕ್ಕೂ ಅದೇ 204 ಎಚ್‌ಪಿ. ಮ್ಯಾನುಯಲ್ ಗೇರ್ ಇದ್ದರೆ 420 ಎನ್‌ಎಂ, 1400ರಿಂದ 3400ರವರೆಗೆ. ಆಟೊಮ್ಯಾಟಿಕ್ ಇದ್ದರೆ 500 ಎನ್‌ಎಂ, 1600ರಿಂದ 2800ರವರೆಗೆ. ಬೇರೆಯಾಗಿರುವುದು ಕಂಪ್ಯೂಟರ್‌ಗೆ ಕೊಟ್ಟ ಅಪ್ಪಣೆ ಮಾತ್ರ. 3400ರಲ್ಲಿ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ, ಲೆಕ್ಕ ಹಾಕಿ ನೋಡಿ. ಬರೀ ಎಚ್‌ಪಿ ನೋಡಿದವರಿಗೆ ಎರಡೂ ಒಂದೇ ಗಾಡಿ. ಓಡಿಸಿದವರಿಗೆ ಅಲ್ಲ.

ಈಗ ಘಾಟಿ. ಗಾಡಿ, ಲೋಡ್, ಇಬ್ಬರು ಜನ ಸೇರಿ ಮೂರು ಟನ್ ಅಂತಿಟ್ಟುಕೊಳ್ಳಿ. ನೂರು ಮೀಟರ್ ಹೋದರೆ ಎಂಟು ಮೀಟರ್ ಏರುವಂಥ ರಸ್ತೆ. ಟೈರಿನ ಎಳೆತ, ಗಾಳಿ, ಗೇರ್‌ಬಾಕ್ಸ್‌ನಲ್ಲಿ ಸೋರುವ ಶಕ್ತಿ ಎಲ್ಲ ಸೇರಿಸಿ ನಾನು ಹಾಕಿದ ಅಂದಾಜು ಹೀಗಿದೆ. 30 ಕಿಲೋಮೀಟರ್ ವೇಗಕ್ಕೆ ಎಂಜಿನ್‌ನಿಂದ ಸುಮಾರು 35 ಎಚ್‌ಪಿ ಬೇಕು. 40ಕ್ಕೆ 50ರ ಹತ್ತಿರ. 50ಕ್ಕೆ 62. 60ಕ್ಕೆ 77. ಈ ಲೆಕ್ಕದಲ್ಲಿ ಟಾರ್ಕ್ ಅನ್ನುವ ಅಂಕಿಯೇ ಬಂದಿಲ್ಲ, ಗಮನಿಸಿದಿರಾ? ಏರಿನಲ್ಲಿ ಎಷ್ಟು ವೇಗ ಹಿಡಿಯಬಹುದು ಅನ್ನುವುದನ್ನು ತೀರ್ಮಾನ ಮಾಡುವುದು ಆ ಕ್ಷಣದಲ್ಲಿ ಎಂಜಿನ್ ಕೊಡುತ್ತಿರುವ ಎಚ್‌ಪಿ. 75 ಎಚ್‌ಪಿ ಗಾಡಿಯಲ್ಲಿ ಇಂಥ ಏರಿನಲ್ಲಿ 60 ಆಗುವುದಿಲ್ಲ. ಯಾವ ಗೇರ್ ಹಾಕಿದರೂ ಅಷ್ಟೇ. ಹಾಗೆಯೇ 50 ಸಾಕು ಅನ್ನುವವರಿಗೆ 2200 ಆರ್‌ಪಿಎಂನಲ್ಲೇ ಕೆಲಸ ಆಗುತ್ತದೆ, ಗೇರ್ ಹೊಂದಿಕೊಂಡರೆ.

ಆ "ಹೊಂದಿಕೊಂಡರೆ" ಇದೆಯಲ್ಲ, ನಿಮ್ಮ ಡ್ರೈವರ್ ಮಾತಿನ ಸತ್ಯ ಇರುವುದು ಅದರಲ್ಲೇ. ಅವನು ಗ್ರಾಫ್ ನೋಡಿ ಹೇಳಿದ್ದಲ್ಲ, ಕಾಲಿನಲ್ಲಿ ತಿಳಿದದ್ದು. ತಿರುವಿನಲ್ಲಿ ಮುಂದಿನ ಲಾರಿ ನಿಧಾನ ಆಯಿತು. ನಿಮ್ಮ ಗಾಡಿಯ ಆರ್‌ಪಿಎಂ 3200ರಿಂದ 2200ಕ್ಕೆ ಕುಸಿಯಿತು. ಒಳ್ಳೆಯ ಡೀಸೆಲ್‌ನಲ್ಲಿ ಹಾಗೆ ಕುಸಿಯುವಾಗ ಟಾರ್ಕ್ ಏರುತ್ತದೆ. ಬೊಲೆರೊದಲ್ಲಿ 165ರಿಂದ 200ಕ್ಕೆ, ಅಂದರೆ ಐದನೇ ಒಂದು ಪಾಲು ಜಾಸ್ತಿ. ಯೋಧ 3750ರಿಂದ 2500ಕ್ಕೆ ಕುಸಿದರೆ 187ರಿಂದ 250ಕ್ಕೆ, ಮೂರನೇ ಒಂದು ಪಾಲು. ಆರ್‌ಪಿಎಂ ಬಿದ್ದಷ್ಟೂ ಎಂಜಿನ್ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಡ್ರೈವರುಗಳು "ಈ ಗಾಡಿ ಕೈ ಬಿಡಲ್ಲ" ಅನ್ನುವುದು ಈ ಗುಣಕ್ಕೆ. ಅದಿಲ್ಲದ ಎಂಜಿನ್‌ನಲ್ಲಿ ಪ್ರತಿ ತಿರುವಿಗೂ ಗೇರ್ ಬದಲಿಸಿ ಬದಲಿಸಿ ಎಡಗಾಲು ಸೋಲುತ್ತದೆ.

ಚಪ್ಪಟೆ ಜಾಗ ಅಗಲ ಇದ್ದರೆ ಇನ್ನೊಂದು ಲಾಭ. 2800ರಲ್ಲಿ ಎರಡನೇ ಗೇರ್‌ನಿಂದ ಮೂರಕ್ಕೆ ಹಾಕಿದಿರಿ ಅನ್ನಿ. ಆರ್‌ಪಿಎಂ 1700ರ ಆಸುಪಾಸಿಗೆ ಬಿತ್ತು. ಅದು ಚಪ್ಪಟೆ ಜಾಗದ ಒಳಗೇ ಬಿದ್ದರೆ ಗಾಡಿ ಮುಂದೆ ಹೋಗುತ್ತದೆ. ಹೊರಗೆ ಬಿದ್ದರೆ ಮತ್ತೆ ಎರಡು. ಎರಡರಲ್ಲಿ ಎಂಜಿನ್ ಕೂಗುತ್ತದೆ, ಮೂರರಲ್ಲಿ ಮುಕ್ಕುತ್ತದೆ. ಇಡೀ ಘಾಟಿ ಹೀಗೇ ಕಳೆದವರಿಗೆ ಆ ಕಷ್ಟ ಗೊತ್ತು.

ಒಂದು ಎಚ್ಚರಿಕೆ. ಯೋಧದ ಅಂಕಿಯಲ್ಲಿ "1000 ಆರ್‌ಪಿಎಂನಿಂದ 250 ಎನ್‌ಎಂ" ಅಂತ ಇದೆ ನಿಜ. ಹಾಗಂತ ನಾಲ್ಕನೇ ಗೇರ್‌ನಲ್ಲಿ 1000ಕ್ಕೆ ಇಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತಿಸಬೇಡಿ. ಆ ಗೆರೆ ಬರೆದದ್ದು ಟೆಸ್ಟ್ ಬೆಂಚ್ ಮೇಲೆ. ಪೆಡಲ್ ಪೂರ್ತಿ ಒತ್ತಿ, ಟರ್ಬೊ ಸುಧಾರಿಸಿಕೊಳ್ಳುವವರೆಗೆ ಕಾದು, ಒಂದೇ ಆರ್‌ಪಿಎಂನಲ್ಲಿ ನಿಲ್ಲಿಸಿ ಅಳೆದದ್ದು. ರಸ್ತೆಯಲ್ಲಿ ಆ ಕಾಯುವ ಸಮಯ ಸಿಗುವುದಿಲ್ಲ. ಅಲ್ಲದೆ 1000ದಲ್ಲಿ 250 ಎನ್‌ಎಂ ಅಂದರೆ ಬರೀ 36 ಎಚ್‌ಪಿ. ಗಾಡಿ ಗಡಗಡ ನಡುಗುತ್ತಾ ಮುಕ್ಕುವಾಗ ಬೇರಿಂಗ್ ಮೇಲೆ ಒತ್ತಡ ಜಾಸ್ತಿ, ಆಯಿಲ್ ಪದರ ತೆಳು. ಡೀಸೆಲ್ ಉಳಿಯಿತು ಅಂತ ಖುಷಿಪಡುವವರ ಎಂಜಿನ್ ಬಿಚ್ಚಿದಾಗ ಬೇರಿಂಗ್ ಶೆಲ್ಲಿನ ಮೇಲಿನ ಪದರ ಸವೆದು ತಾಮ್ರದ ಬಣ್ಣ ಕಾಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. 1600, 1700ರ ಕೆಳಗೆ ಬೀಳುತ್ತಿದ್ದಂತೆ ಗೇರ್ ಇಳಿಸಿ. ಮರ್ಯಾದೆ ಏನೂ ಹೋಗುವುದಿಲ್ಲ.

ಇನ್ನು ಭಾವನ ಟ್ಯೂನಿಂಗ್ ಬಾಕ್ಸ್. ಅದು ಮಾಡುವುದು ಇಷ್ಟೇ: ಕಂಪನಿಯವರು ತಲೆ ಸವರಿದ್ದರಲ್ಲ, ಆ ಗುಡ್ಡವನ್ನು ಮತ್ತೆ ಎಬ್ಬಿಸುತ್ತದೆ. ಇಂಜೆಕ್ಟರ್‌ನಿಂದ ಡೀಸೆಲ್ ಜಾಸ್ತಿ ಬಿಡಿಸುತ್ತದೆ. ಎಳೆತ ಬರುವುದು ಸುಳ್ಳಲ್ಲ. ಮೊದಲ ದಿನ ಓಡಿಸಿದವರಿಗೆ ನಗು ತಡೆಯಲಾಗುವುದಿಲ್ಲ. ಖಾಲಿ ಗಾಡಿಯಲ್ಲಿ ಸುಮ್ನೆ ಓಡಾಡುವವರಿಗೆ ಬಹಳ ದಿನ ಏನೂ ಆಗದೆಯೂ ಇರಬಹುದು. ನಿಮ್ಮದು ಹಾಗಲ್ಲ. ಮೂರು ಟನ್ ಹೊತ್ತು, ಎತ್ತರದ ಏರಿನಲ್ಲಿ, ಮುಕ್ಕಾಲು ಗಂಟೆ ಪೆಡಲ್ ಒತ್ತಿ ಹಿಡಿಯುವ ಕೆಲಸ. ಮೊದಲು ಸೋಲುವುದು ಕ್ಲಚ್.

ನಮ್ಮ ವರ್ಕ್‌ಶಾಪಿಗೆ ಒಂದು ಸಲ ಹೀಗೇ ಒಂದು ಪಿಕಪ್ ಎಳೆದು ತಂದರು. ಬಾನೆಟ್ ಎತ್ತುವ ಮೊದಲೇ ವಾಸನೆ ಹೇಳಿತು. ಕ್ಲಚ್ ಪ್ಲೇಟ್ ಬಿಚ್ಚಿದರೆ ಲೈನಿಂಗ್ ಸೀದು ರಿವೆಟ್ ಮೇಲೆದ್ದಿತ್ತು, ಫ್ಲೈವೀಲ್ ಮೇಲೆ ನೀಲಿ ಕಲೆ. ಹುಡುಗ ಪ್ಲೇಟ್ ಮೇಜಿನ ಮೇಲಿಟ್ಟಾಗ ಕಪ್ಪು ಪುಡಿ ಉದುರಿತು. ಗಾಡಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮಾಲೀಕರು ಬಾಕ್ಸ್ ಕಿತ್ತು ಸೀಟಿನ ಕೆಳಗೆ ಬಚ್ಚಿಟ್ಟು ತಂದಿದ್ದರು. ಪಾಪ, ಅದರ ವೈರ್ ಅಲ್ಲೇ ಇಣುಕುತ್ತಿತ್ತು.

ಕ್ಲಚ್ ತಡೆದುಕೊಂಡರೆ ಬಿಸಿ ಮುಂದಕ್ಕೆ ಹೋಗುತ್ತದೆ, ಟರ್ಬೊಗೆ, ಪಿಸ್ಟನ್‌ಗೆ. ಮಸಿ ಜಾಸ್ತಿ ಆದರೆ ಬಿಎಸ್6 ಗಾಡಿಯ ಹೊಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ವಾರಂಟಿ ಕೇಳಲು ಹೋದರೆ ಬಾಯಿ ಮುಚ್ಚಿಸುತ್ತಾರೆ. ಕಾನೂನೂ ಇದೆ: ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಇಂಥದ್ದನ್ನೇ ಹುಡುಕುತ್ತಾರೆ. ಬಾಡಿಗೆ ಲೋಡ್ ಹೊಡೆಯುವ ಗಾಡಿಗೆ ನಾನಂತೂ ಹಾಕಿಸುವುದಿಲ್ಲ, ಹಾಕಿಸಿ ಅಂತ ಹೇಳುವುದೂ ಇಲ್ಲ. ಭಾವನಿಗೆ ಬೇಜಾರಾದರೆ ನನ್ನ ಹೆಸರು ಹೇಳಿ.

ಸೆಕೆಂಡ್ ಹ್ಯಾಂಡ್ ಯೋಚನೆ ಬಂದರೆ ಒಂದು ಮಾತು. ಬ್ರೋಷರಿನ ಗೆರೆ ಹೊಸ ಎಂಜಿನ್ನಿನದ್ದು. ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊ ಗಾಳಿ ತಣ್ಣಗೆ ಮಾಡುವ ಭಾಗ) ಹೋಗುವ ರಬ್ಬರ್ ಹೋಸ್ ಕ್ಲಾಂಪ್ ಹತ್ತಿರ ಬೆರಳಗಲ ಸೀಳಿದ್ದರೂ ಸಾಕು, 200 ಎನ್‌ಎಂ ಕನಸಿನ ಮಾತು. ಗುರುತು ಸುಲಭ. ಏರಿನಲ್ಲಿ ಕಪ್ಪು ಹೊಗೆ, ಬುಸ್ ಅನ್ನುವ ಸದ್ದು, ಹೋಸಿನ ಹೊರಗೆ ಎಣ್ಣೆ ಜಿಡ್ಡಿಗೆ ಅಂಟಿದ ಧೂಳು. "ಪಿಕಪ್‌ಗೆ ಪಿಕಪ್ಪೇ ಇಲ್ಲ" ಅಂತ ಬಂದ ಎಷ್ಟೋ ಗಾಡಿಗಳು ಒಂದು ಹೋಸ್, ಒಂದು ಏರ್ ಫಿಲ್ಟರ್ ಬದಲಿಸಿದ ಮೇಲೆ ನೆಟ್ಟಗಾಗಿವೆ.

ಈಗ ಆಯ್ಕೆ. ನಿಮ್ಮ ಲೋಡು 28 ಮೂಟೆಯಲ್ಲೇ ನಿಲ್ಲುತ್ತದೆ, ಏರಿನಲ್ಲಿ 40 ಹೋದರೂ ಆತುರ ಇಲ್ಲ, ಊರಿನ ಮೆಕ್ಯಾನಿಕ್‌ಗೆ ಗೊತ್ತಿರುವ ಗಾಡಿಯೇ ಬೇಕು ಅಂದರೆ 75 ಎಚ್‌ಪಿ ಸಾಕು. ಕೆಲಸ ಆಗುತ್ತದೆ. ಎಂಜಿನ್ ಜಾಸ್ತಿ ಹೊತ್ತು ತನ್ನ ಮಿತಿಯ ಹತ್ತಿರ ಇರುತ್ತದೆ ಅನ್ನುವುದನ್ನು ಒಪ್ಪಿಕೊಳ್ಳಬೇಕು, ಕೂಲಂಟ್ ಮತ್ತು ಆಯಿಲ್ ಕಡೆ ಕಣ್ಣಿಡಬೇಕು. ಮಳೆಗಾಲದಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಎದ್ದು ಹೊರಡುವುದೇ ಜಾಸ್ತಿ ಅಂದರೆ 250 ಎನ್‌ಎಂ ಗಾಡಿಯ ಅಗಲವಾದ ಗೆರೆ ದಿನಾ ಉಪಯೋಗಕ್ಕೆ ಬರುತ್ತದೆ. ನಿಮ್ಮ ಪತ್ರ ಓದಿದರೆ ನನ್ನ ಮನಸ್ಸು ಈ ಕಡೆಗೇ ವಾಲುತ್ತದೆ. ಅದರ ಅಪಾಯ ಎಂಜಿನ್‌ನಲ್ಲಿಲ್ಲ, ನಮ್ಮಲ್ಲಿದೆ. ಎಳೆಯುತ್ತದೆ ಅಂತ ಗೊತ್ತಾದ ಮೇಲೆ 28 ಮೂಟೆ 36 ಆಗುತ್ತದೆ. ಆ ಮೂಟೆಗಳ ತೂಕ ಇಳಿಯುವಾಗ ಬ್ರೇಕ್ ಮೇಲೆ ಬೀಳುತ್ತದೆ, ಅದರ ಬಗ್ಗೆ ಈ ಗ್ರಾಫ್ ಒಂದಕ್ಷರವೂ ಹೇಳುವುದಿಲ್ಲ. ಶುಂಠಿ ಹೇರಿಕೊಂಡು ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಎರಡೂ ಕಡೆ ಡೆಮೊ ಗಾಡಿ ಕೇಳಿ, ಖಾಲಿ ಗಾಡಿ ಓಡಿಸಿ ಒಪ್ಪಬೇಡಿ. 20 ಮೂಟೆಯಾದರೂ ಹಾಕಿಸಿ. ಡ್ರೈವರನ್ನು ಕರೆದುಕೊಂಡು ಗುಂಡ್ಯದಿಂದ ದೋಣಿಗಾಲ್ ಕಡೆಗೆ ಹತ್ತಿ. ಒಂದು ಕಡಿದಾದ ಜಾಗ ಗುರುತು ಮಾಡಿಕೊಂಡು, ಎರಡೂ ಗಾಡಿಯಲ್ಲಿ ಅದೇ ಜಾಗದಲ್ಲಿ ಯಾವ ಗೇರ್, ಎಷ್ಟು ಆರ್‌ಪಿಎಂ, ಎಷ್ಟು ವೇಗ ಅಂತ ಬರೆದುಕೊಳ್ಳಿ. ಆರ್‌ಪಿಎಂ ಮೀಟರ್ ಇಲ್ಲದಿದ್ದರೆ ಸರ್ವಿಸ್ ಹುಡುಗನ ಹತ್ತಿರ ಸ್ಕ್ಯಾನರ್ ಇರುತ್ತದೆ, ಸಿಕ್ಕಿಸಿಕೊಡು ಅನ್ನಿ. ಮೂರನೇ ಗೇರ್‌ನಲ್ಲಿ 2000ದ ಮೇಲೆ ನಿಂತಿತಾ, ಜಾರಿತಾ ಅನ್ನುವುದೊಂದನ್ನು ಮರೆಯದೆ ನೋಡಿ. ಆ ಆರು ಅಂಕಿ ಬರೆದು ಕಳಿಸಿದರೆ ಮುಂದಿನ ಲೆಕ್ಕ ಅಲ್ಲಿಂದ ಮಾಡೋಣ.